ಮುಳ್ಳನ್ನು ಹೊರಗೆ ತಳ್ಳಿದ ಪ್ಲೇಟು

ಕೃಷ್ಣಾಜಿಯ ಕೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಪುಣೆಯ ಜೂನಾ ಬಾಜಾರಿನ ಭಾನುವಾರದ ಗದ್ದಲದಲ್ಲಿ, ಹಳೇ ಬೀಗ, ಹಿತ್ತಾಳೆ ನಲ್ಲಿ, ಹಲ್ಲು ಮುರಿದ ಗರಗಸಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಗಡಿನ ಡಬ್ಬಿಯೊಂದರಿಂದ ಗ್ರಾಮಫೋನಿನ ಸೌಂಡ್ ಬಾಕ್ಸನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಿದ್ದ. ಮುಳ್ಳಿನ ನಡುಕವನ್ನು ದನಿಯಾಗಿ ಮಾಡುವ ಇಂಥ ದುಂಡನೆಯ ಡಬ್ಬಿಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಕಣ್ಣು ಮುಚ್ಚಿ ಜೋಡಿಸಬಲ್ಲವನು ಅವನು. ಆದರೆ ಇದು ಕೈಯಲ್ಲಿ ಸರಿಯಾಗಿ ಕೂಡಲೊಲ್ಲದು. ಮುಳ್ಳಿರಬೇಕಾದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ದುಂಡನೆಯ ಒಂದು ಹರಳು. ಅದನ್ನು ಹಿಡಿದ ಕಡ್ಡಿಯನ್ನು ಪಕ್ಕಕ್ಕೆ ತಳ್ಳಿದರೆ ಅಲುಗುವುದಿಲ್ಲ. ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಒತ್ತಿದರೆ ಮಾತ್ರ ಮೈಕಾದ ಬಿಲ್ಲೆ ಟಕ್ ಅನ್ನುತ್ತದೆ. ಮತ್ತೆ ಪಕ್ಕಕ್ಕೆ ತಳ್ಳಿದ, ಇಲ್ಲ. ಮತ್ತೆ ಮೇಲಕ್ಕೆ ಒತ್ತಿದ, ಟಕ್. ಅವನ ಕಿವಿಗಳು ಬಿಸಿಯಾದವು. ಹೆಂಡತಿ ಇಂದೂ ತರಹೇಳಿದ್ದ ಮೆಂತ್ಯ ಸೊಪ್ಪಿನ ಚೀಲ ತೊಡೆಯ ಮೇಲಿಂದ ಜಾರಿ ಗರಗಸಗಳ ಮೇಲೆ ಬಿತ್ತು.

"ಮ್ಯಾಲ ಕೆಳಗ!" ಎಂದು ಗಟ್ಟಿಯಾಗಿ ಅಂದುಬಿಟ್ಟ. "ಪಕ್ಕಕ್ಕಲ್ಲೋ ಮಾರಾಯ, ಮ್ಯಾಲ ಕೆಳಗ!"

ಗುಜರಿಯ ಹುಸೇನಪ್ಪ ಬೀಡಿಯನ್ನು ಬಾಯಿಂದ ತೆಗೆದು ಅವನನ್ನೇ ನೋಡಿದ. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಕ್ಯಾಂಪಿನ ಹಳೇ ಬಂಗಲೆಗಳನ್ನು ಒಡೆಯುವಲ್ಲಿ ಸಿಕ್ಕ ಲೋಹ ಮಾರುತ್ತ ಇಲ್ಲೇ ಬೇರೂರಿದವನು. ಕೃಷ್ಣಾಜಿಯ ಹುಚ್ಚು ಅವನಿಗೆ ಹೊಸದಲ್ಲ. "ಏನಾಯ್ತ್ರೀ ಸಾಹೇಬ್ರ, ಚೇಳು ಕಡೀತೇನು?" ಎಂದ. ಯಾವಾಗಲೂ ಅರ್ಧ ತಾಸು ಚೌಕಾಶಿ ಮಾಡುವ ಕೃಷ್ಣಾಜಿ ಇವತ್ತು ಕೇಳಿದಷ್ಟನ್ನು ಕೊಟ್ಟು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಎದ್ದುಬಿಟ್ಟ. "ಸಾಹೇಬ್ರ, ನಿಮ್ಮ ಪಲ್ಲ್ಯಾ!" ಎಂದು ಹುಸೇನಪ್ಪ ಹಿಂದಿನಿಂದ ಕೂಗಿ, ಮೆಂತ್ಯದ ಚೀಲವನ್ನು ಎಸೆದು ಕೊಟ್ಟ.

ಖಾಲಿ ಅಲ್ಲ. ಕುಂಬಾರವಾಡೆಯ ತನಕ ಅವನ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿತ್ತು. ಸಾವಿತ್ರಿಬಾಯಿಯ ಗ್ರಾಮಫೋನ್ ಪ್ಲೇಟು ಖಾಲಿ ಅಲ್ಲ. ಲೋಕದ ಎಲ್ಲ ಪ್ಲೇಟುಗಳ ಗೆರೆ ಕಾತ್ರಜ ಘಾಟಿನ ರಸ್ತೆಯ ಹಾಗೆ ಎಡಕ್ಕೆ ಬಲಕ್ಕೆ ಹೊರಳುತ್ತದೆ, ಮುಳ್ಳು ಅದರ ಜೊತೆ ಹೊರಳಿ ಹಾಡುತ್ತದೆ ಎಂದು ನಂಬಿ ಕೂತಿದ್ದ ಇಷ್ಟು ವರ್ಷ. ಗೆರೆ ಹೊರಳದೆ ನೆಟ್ಟಗೆ ಹೋಗುತ್ತ, ತಳದಲ್ಲಿ ಮಾತ್ರ ಏರಿ ಇಳಿಯುತ್ತಿದ್ದರೆ? ಆಗ ಸಾಮಾನ್ಯ ಮುಳ್ಳಿಗೆ ಏನು ಕೇಳಿಸಬೇಕು? ಏನೂ ಇಲ್ಲ! ಬರೀ ಸರಸರ. ಅದೇ ಸರಸರವನ್ನು ಅವನು ಎಪ್ಪತ್ತೆರಡನೇ ಇಸವಿಯ ಒಂದು ಭಾನುವಾರ, ಸದಾಶಿವ ಪೇಠದ ಮೋಹನದಾಸನ ದೊಡ್ಡ ಕೋಣೆಯಲ್ಲಿ, ಇಪ್ಪತ್ತು ಮಂದಿಯ ಎದುರು ಕೇಳಿದ್ದ. ತಿಂಗಳಿಗೊಮ್ಮೆ ಹಳೇ ಪ್ಲೇಟು ಕೇಳಲು ಸೇರುವ ಮಂಡಳಿ ಅದು. ಮನೆ ಮೋಹನದಾಸನದು, ಕಿವಿ ಕೃಷ್ಣಾಜಿಯದು. ಪಿಂಪ್ರಿಯ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಕೂದಲಿನ ಹತ್ತನೇ ಒಂದು ಪಾಲಿನ ತಪ್ಪನ್ನು ಹಿಡಿಯುವ ನೌಕರ. ಯಾವ ಪ್ಲೇಟು ಹಚ್ಚಿದರೂ "ಇದು ನಿಮಿಷಕ್ಕೆ ಎಪ್ಪತ್ತೆಂಟಲ್ಲ, ಎಪ್ಪತ್ತೈದು ಸುತ್ತಿನದು" ಎಂದು ಕೇಳಿದ ಕೂಡಲೇ ಹೇಳಿಬಿಡುತ್ತಿದ್ದ, ಗಡಿಯಾರ ಹಿಡಿದು ಎಣಿಸಿದರೆ ಹಾಗೇ ಇರುತ್ತಿತ್ತು, ಎಲ್ಲರೂ ವಾಹ್ವಾ ಅನ್ನುತ್ತಿದ್ದರು. ಆ ವಾಹ್ವಾ ಎಷ್ಟು ರುಚಿಯಾಗಿತ್ತೆಂದರೆ ಭಾನುವಾರ ಮುಗಿದು ಬುಧವಾರದ ತನಕ ಬಾಯಲ್ಲಿರುತ್ತಿತ್ತು. ಅಂಥ ದಿನವೇ ಸಾವಿತ್ರಿಬಾಯಿ ಬಂದದ್ದು. ಅರವತ್ತರ ಹೆಂಗಸು, ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಪ್ಲೇಟು ಸುತ್ತಿಕೊಂಡು, ಚಪ್ಪಲಿ ಬಿಟ್ಟ ಜಾಗದಿಂದ ಒಳಗೆ ಬರಲು ಅನುಮಾನಿಸುತ್ತ, "ಇದು ನಮ್ಮವ್ವ ಹಾಡಿದ್ದರಿ" ಎಂದಿದ್ದಳು. "ಅಥಣಿ ಚಂದಮ್ಮ ಅಂತ. ನಾನೂ ಕೇಳಿಲ್ಲರಿ ಇನ್ನಽ. ನಮ್ಮ ಮನ್ಯಾಗ ಮಶೀನ್ ಎಲ್ಲಿ ಇತ್ತು? ನಾ ಹುಟ್ಟೂಕಿಂತ ಮೊದಲು ಸಾಹೇಬ್ರು ಬಂದು ಹಾಡಿಸಿಕೊಂಡು ಹೋದ್ರಂತ. ಕಡೀಕ ಆಕಿ ತನ್ನ ಹೆಸರು ತಾನಽ ಹೇಳತಾಳಂತ."

ಹೌದು, ಆ ಕಾಲದ ಹಾಡುವವರು ಹಾಡು ಮುಗಿಸಿದ ಮೇಲೆ ಹೆಸರು ಕೂಗಿ ಹೇಳುತ್ತಿದ್ದರು. ಮೇಣದ ಅಚ್ಚು ಹಡಗಿನಲ್ಲಿ ಸಮುದ್ರದಾಚೆಯ ಸೀಮೆಗೆ ಹೋಗುತ್ತಿತ್ತು, ಅಲ್ಲಿ ಮುದ್ರಿಸುವವನಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ. ಇದೆಲ್ಲ ಕೃಷ್ಣಾಜಿಗೆ ಗೊತ್ತಿತ್ತು, ಅದೇ ಮಂಡಳಿಯಲ್ಲಿ ಭಾಷಣ ಮಾಡಿದ್ದ. ಗೊತ್ತಿಲ್ಲದ್ದು ಒಂದೇ ಒಂದು, ಈ ಪ್ಲೇಟು ಬೇರೆ ಜಾತಿಯದೆಂಬುದು. ಉಕ್ಕಿನ ಹೊಸ ಮುಳ್ಳು ಹಾಕಿ, ರೂಢಿಯಂತೆ ಹೊರ ಅಂಚಿಗೆ ಇಟ್ಟ. ಮುಳ್ಳು ಒಳಗೆ ಬರುವ ಬದಲು ಜಾರಿ ಹೊರಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಹೊರಗೆ. "ಪ್ಲೇಟಿಗೆ ಕೃಷ್ಣಾಜಿ ಮ್ಯಾಲ ಸಿಟ್ಟು ಬಂದದ" ಎಂದ ಮೋಹನದಾಸ. ಎಲ್ಲರೂ ನಕ್ಕರು. ಆ ನಗುವಿಗೆ ಇವನಿಗೆ ರೇಗಿತು. ಮೂರನೇ ಸಲ ಬೆರಳಿನಿಂದ ಒತ್ತಿ ಹಿಡಿದು ಒಳಗೆ ನೂಕಿದ. ಕರ್ರ್ ಎಂದು ಕಪ್ಪು ಪುಡಿ ಎದ್ದಿತು, ಮುಳ್ಳು ಅಂಚಿನ ಗೆರೆ ಗೆರೆ ದಾಟಿ ಹೋಯಿತು, ಹಾಡಿಲ್ಲ, ಮಾತಿಲ್ಲ. ಆಗ ತಲೆ ಎತ್ತಿ, ಮೆಟ್ಟಿಲ ಮೇಲೆ ನಿಂತವರಿಗೂ ಕೇಳುವ ಹಾಗೆ, "ಬಾಯಿಯವರ, ಇದು ಖಾಲಿ ಅದ. ಯಾರೋ ನಿಮಗ ಮೋಸ ಮಾಡ್ಯಾರ" ಎಂದ. ಹಿಂದೆ ಕೂತ ಒಬ್ಬಾತ ಮರಾಠಿಯಲ್ಲಿ, ಇಂಥ ಹಾಡುಗಾರ್ತಿಯರ ಮನೆತನದವರಿಗೆ ಅವ್ವನ ಕಥೆ ಕಟ್ಟುವುದೊಂದು ಚಟ, ಎಂದ. ಮತ್ತೆ ನಗು. ಕೃಷ್ಣಾಜಿಯೂ ನಕ್ಕಿದ್ದ. ಸ್ವಲ್ಪವೇ, ತುಟಿಯ ಒಂದು ಕಡೆಯಿಂದ. ಹನ್ನೊಂದು ವರ್ಷದಿಂದ ಆ ತುಟಿಯ ಆ ಕಡೆಯನ್ನು ಅವನು ಕ್ಷೌರದ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಬಂದಿದ್ದಾನೆ. ಒಂದು ಸಲ ಸ್ವಾರಗೇಟಿನಲ್ಲಿ ಆಕೆ ಬಸ್ಸು ಹತ್ತಿದಾಗ ಸಕಾಳಿನ ಪೇಪರನ್ನು ಮುಖಕ್ಕೆ ಹಿಡಿದು ಮಾರ್ಕೆಟ್ ಯಾರ್ಡಿನ ತನಕ ಒಂದೇ ಜಾಹೀರಾತನ್ನು ಓದಿದ್ದ. ಬಿಬವೇವಾಡಿಯಲ್ಲಿ 'ಹಾರ್ಮೋನಿಯಮ್ ಕಲಿಸಲಾಗುವುದು' ಎಂಬ ಮರಾಠಿ ಬೋರ್ಡು ಇರುವ ಅವಳ ಮನೆ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತು. ಅತ್ತ ಕೆಲಸ ಬಿದ್ದರೆ ಎದುರಿನ ಪಕ್ಕದಿಂದ ನಡೆಯುತ್ತಾನೆ.

ಶುಕ್ರವಾರ ಪೇಠದ ವಾಡೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಬಂದವನೇ ಮಂಚದ ಕೆಳಗಿನಿಂದ ಗ್ರಾಮಫೋನನ್ನು ಎಳೆದ. ಇಂದೂ ಒಲೆಯ ಮುಂದಿಂದ ಎದ್ದು ಬಂದಳು. ಮೆಂತ್ಯದ ಚೀಲ ಬಿಚ್ಚಿ ನೋಡಿ, "ಇದೇನ್ರಿ, ಸೊಪ್ಪು ತಂದೀರೋ ಒನಿಕಿಲೆ ಕುಟ್ಟಿಸಿಕೊಂಡು ಬಂದೀರೋ?" ಎಂದಳು. ಅವನು ಉಸಿರು ಬಿಡದೆ ಎಲ್ಲ ಹೇಳಿದ: ಹರಳು, ಮೈಕಾ, ಮೇಲೆ ಕೆಳಗೆ, ಟಕ್. ಸೌಂಡ್ ಬಾಕ್ಸನ್ನು ಅವಳ ಹೆಬ್ಬೆರಳಿಗೆ ಒತ್ತಿ ತೋರಿಸಿದ. ಇಂದೂಗೆ ಹರಳು ಎಷ್ಟು ಅರ್ಥವಾಯಿತೋ, ಆದರೆ ಸಾವಿತ್ರಿಬಾಯಿ ಎಂಬ ಹೆಸರು ಬಂದಾಗ ಅವಳ ಮುಖ ಗಂಭೀರವಾಯಿತು. ಆ ಭಾನುವಾರ ಮನೆಗೆ ಬಂದು ಊಟ ಮಾಡುತ್ತ ಅವನು ನಗೆ ಹತ್ತಿಸಿಕೊಂಡು ಈ ಕಥೆ ಹೇಳಿದಾಗ ಅವಳು ನಕ್ಕಿರಲಿಲ್ಲ. "ಹೋಗಿ ಬರ್ರಿ" ಎಂದಳು ಈಗ. "ಆದ್ರ ಈ ಸಲ ಶಾಣ್ಯಾತನ ಮಾಡಬ್ಯಾಡ್ರಿ. ಹೆಂಗಸು ಏನು ಹೇಳತಾಳ ಅದನ್ನ ಕೇಳ್ರಿ." ಸೌಂಡ್ ಬಾಕ್ಸು ಹಳೇ ಮಶೀನಿನ ಕೊಳವೆಗೆ ಸಡಿಲಾಗುತ್ತದೆಂದು ಸೈಕಲ್ ಟ್ಯೂಬಿನ ಒಂದು ಉಂಗುರ ಕತ್ತರಿಸಿ ಕೊಟ್ಟವಳೂ ಅವಳೇ.

ರಿಕ್ಷಾದಲ್ಲಿ ಮಶೀನನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತ. ಸ್ವಾರಗೇಟು ದಾಟುವವರೆಗೂ ತನ್ನಷ್ಟಕ್ಕೆ ನಗುತ್ತಿದ್ದ. ಬಾಯೀ, ಖಾಲಿ ಅಲ್ಲರಿ! ಎಂದು ಬಾಗಿಲಲ್ಲೇ ಹೇಳುವುದು. ಅಲ್ಲ, ಮೊದಲು ಏನೂ ಹೇಳಬಾರದು, ಹಚ್ಚಿ ಕೇಳಿಸಬೇಕು, ಮುಖ ನೋಡಬೇಕು. ಎಷ್ಟು ಸುತ್ತಿಗೆ ಇಡಬೇಕೋ! ಈ ಯೋಚನೆ ಬಂದಾಗಲೇ ಡಬ್ಬಿಯ ತಳಕ್ಕೆ ಅಂಟಿಕೊಂಡಿದ್ದ ಹಳದಿ ಕಾಗದ ನೆನಪಾದದ್ದು. ಮಡಿಕೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ. ಇಂಗ್ಲಿಷಿನಲ್ಲಿ ಮೂರು ಸೂಚನೆಗಳಿದ್ದವು. ನಿಮಿಷಕ್ಕೆ ತೊಂಬತ್ತು ಸುತ್ತಿಗಿಂತ ಕಡಿಮೆ ಇಡಬಾರದು. ಸರಿ, ಸರಿ. ಒಳಗಿನ ಗೆರೆಯಿಂದ ಶುರು ಮಾಡಬೇಕು, ಹಾಡು ಹೊರ ಅಂಚಿನಲ್ಲಿ ಮುಗಿಯುತ್ತದೆ. ಹಾಂ! ಅದಕ್ಕೇ ಮುಳ್ಳು ಹೊರಗೆ ಓಡುತ್ತಿತ್ತು! ರಿಕ್ಷಾದವನು ಕನ್ನಡಿಯಲ್ಲಿ ನೋಡುವಷ್ಟು ಜೋರಾಗಿ ತೊಡೆ ತಟ್ಟಿಕೊಂಡ. ಮೂರನೆಯದು: ಉಕ್ಕಿನ ಮುಳ್ಳನ್ನು ಯಾವ ಕಾರಣಕ್ಕೂ ಸೋಕಿಸಬಾರದು, ಗೆರೆ ಅಳಿಸಿಹೋಗುತ್ತದೆ.

ತೊಡೆ ತಟ್ಟಿದ ಕೈ ಅಲ್ಲೇ ಉಳಿಯಿತು. ಹೊರ ಅಂಚಿನಲ್ಲಿ ಮುಗಿಯುತ್ತದೆ. ಮುಗಿಯುವಲ್ಲಿ ಹೆಸರು ಇರುತ್ತದೆ. ಅವನು ಬೆರಳಿನಿಂದ ಒತ್ತಿ ಹಿಡಿದು ಕೆರೆದದ್ದು ಹೊರ ಅಂಚನ್ನು. ಹಾಡನ್ನಲ್ಲ, ಹಾಡು ಒಳಗೆ ಕ್ಷೇಮವಾಗಿದೆ. ಕೆರೆದದ್ದು ಸರಿಯಾಗಿ ಹೆಸರನ್ನು. ಥೂ, ಎಂದ. ಎಂಥ ಅಳತೆಗಾರ! ಇಡೀ ಪ್ಲೇಟಿನಲ್ಲಿ ಕೆಡಿಸಬಾರದಿದ್ದ ಅರ್ಧ ಬೆರಳಗಲ ಜಾಗ ಒಂದೇ ಇತ್ತು, ಅದನ್ನೇ ಹುಡುಕಿ ಕೆಡಿಸಿದೆ. ಮಾರ್ಕೆಟ್ ಯಾರ್ಡಿನ ಈರುಳ್ಳಿ ಲಾರಿಗಳ ನಡುವೆ ರಿಕ್ಷಾ ಸಿಕ್ಕಿಕೊಂಡು ನಿಂತಿತು. ಹೊರಳಿಸು ಅನ್ನಲೇ ಎಂದುಕೊಂಡ. ಅಷ್ಟರಲ್ಲಿ ಇನ್ನೊಂದು ಉಪಾಯ ಹೊಳೆದು ಮೈ ಹಗುರಾಯಿತು. ಹಾಡು ಮುಗಿದ ಕೂಡಲೇ ಹರಳನ್ನು ಎತ್ತಿಬಿಡುವುದು! ಕೆರೆದ ಜಾಗಕ್ಕೆ ಹೋಗುವ ಮೊದಲೇ. ಮುದುಕಿಗೆ ಅವ್ವನ ಹಾಡು ಸಿಕ್ಕಿತಲ್ಲ, ಆನಂದದಲ್ಲಿ ಇನ್ನೇನು ಕೇಳುತ್ತಾಳೆ? ಹೆಸರು ಹೇಳುವ ರೂಢಿ ಎಲ್ಲರಿಗೂ ಇರಲಿಲ್ಲರಿ ಅಂದರಾಯಿತು. ಈ ಸುಳ್ಳು ಎಷ್ಟು ಸಲೀಸಾಗಿ ನಾಲಗೆಗೆ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ತುಟಿಯ ಆ ಕಡೆಯನ್ನು ಅಂಗೈಯಿಂದ ಒರೆಸಿಕೊಂಡ.

ಬಾಗಿಲು ತೆರೆದವಳು ಮಗಳು ನರ್ಮದಾ. ನಲವತ್ತು ದಾಟಿದವಳು, ದವಾಖಾನೆಯಲ್ಲಿ ನರ್ಸು. ಆ ಭಾನುವಾರ ಅವ್ವನನ್ನು ಕರೆದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತಿದ್ದವಳು. ಅವನನ್ನು ನೋಡಿದ್ದೇ ಗುರುತು ಹಿಡಿದಳು, ಹಿಡಿದ ಮೇಲೂ "ಕೋಣ್ ಪಾಹಿಜೇ?" ಎಂದು ಮರಾಠಿಯಲ್ಲಿ, ಯಾರು ಬೇಕಾಗಿತ್ತು ಎಂದು, ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು. ಕನ್ನಡದವಳು ಕನ್ನಡದವನಿಗೆ ಮರಾಠಿಯಲ್ಲಿ ಕೇಳಿದರೆ ಹೊಸ್ತಿಲು ಎಷ್ಟು ಎತ್ತರವಾಗುತ್ತದೆಂಬುದು ಪುಣೆಯಲ್ಲಿದ್ದವರಿಗೇ ಗೊತ್ತು. ಅವನು ಮಶೀನನ್ನು ಇನ್ನೊಂದು ತೋಳಿಗೆ ಬದಲಿಸಿದ. "ಬಾಯಿಯವರ ಪ್ಲೇಟು ಖಾಲಿ ಇಲ್ರಿ" ಎಂದ. "ತಪ್ಪು ನಂದು. ಮಶೀನ್ ತಂದೀನಿ."

"ಪ್ಲೇಟೇನ್ರಿ?" ಎಂದಳು ನರ್ಮದಾ, ಈಗ ಕನ್ನಡದಲ್ಲಿ, ಆದರೆ ದನಿ ತಣ್ಣಗೆ. "ಬರ್ರಿ, ನೋಡ ಬರ್ರಿ ಎಲ್ಲೈತಿ ಅಂತ."

ಒಳಗೆ, ಕೋಣೆಯ ಅಡಿಗೆ ಮೂಲೆಯಲ್ಲಿ ಜೋಳದ ಹಿಟ್ಟಿನ ದೊಡ್ಡ ಡಬ್ಬಿ. ಅದರ ಮುಚ್ಚಳ ಕಳೆದು ಎಷ್ಟೋ ವರ್ಷವಾಗಿರಬೇಕು. ಮುಚ್ಚಳದ ಬದಲು ಪ್ಲೇಟು ಕೂತಿತ್ತು, ಗೆರೆಯ ಬದಿ ಕೆಳಗೆ ಮಾಡಿ. ಇರುವೆ ಹೋಗಬಾರದೆಂದು ನಡುವಿನ ತೂತಿಗೆ ಚಿಂದಿ ಬಟ್ಟೆ ತುರುಕಿದ್ದರು. ಕೃಷ್ಣಾಜಿ ಅದರ ಮುಂದೆ ನೆಲಕ್ಕೆ ಕೂತುಬಿಟ್ಟ. ಹಾರ್ಮೋನಿಯಮ್ಮಿನ ಹತ್ತಿರ ಗೋಡೆಗೆ ಒರಗಿದ್ದ ಸಾವಿತ್ರಿಬಾಯಿ ಅವನನ್ನು ನೋಡಿ ನಾಚಿಕೊಂಡವಳ ಹಾಗೆ ಸೆರಗು ಸರಿಮಾಡಿಕೊಂಡಳು. ಎಪ್ಪತ್ತು ದಾಟಿ ಮೈ ಕುಗ್ಗಿತ್ತು, ಕಣ್ಣು ಮಾತ್ರ ಹಾಗೇ ಇದ್ದವು. "ಖಾಲಿ ಅಂದ್ರಲ್ರಿ ನೀವು" ಎಂದಳು, ತಪ್ಪು ತನ್ನದೇ ಎಂಬಂತೆ. "ಒಗೀಲಿಕ್ಕೆ ಮನಸ್ಸಾಗಲಿಲ್ಲ. ಮುಚ್ಚಳಕ್ಕರ ಆಗಲಿ ಅಂತ ಇಟ್ಕೊಂಡ್ವಿ. ದಿನಾ ರೊಟ್ಟಿ ಬಡಿಯೂ ಮುಂದ ಕೈಯಾಗ ಬರತೈತಿ ನೋಡ್ರಿ, ಅಷ್ಟಽ ಸಮಾಧಾನ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಪ್ಲೇಟನ್ನು ತೊಡೆಯ ಮೇಲಿಟ್ಟು, ಸಾವಿತ್ರಿಬಾಯಿ ಹಾರ್ಮೋನಿಯಮ್ಮಿನ ಧೂಳು ತೆಗೆಯಲು ಇಟ್ಟುಕೊಂಡ ಮೆತ್ತನೆಯ ಬ್ರಶ್ಶನ್ನು ಇಸಕೊಂಡು ಗೆರೆಗಳ ಹಿಟ್ಟನ್ನು ತೆಗೆಯುತ್ತ ಕೂತ. ಸುತ್ತ ಸುತ್ತ, ಒಳಗಿನಿಂದ ಹೊರಕ್ಕೆ. ಕಪ್ಪು ಮೇಲೆ ಬರತೊಡಗಿದ ಹಾಗೆ ಬೆಳಗಿನ ಆವೇಶವೂ ಮತ್ತೆ ಏರಿ ಬಂತು. ಒಳಗಿನ ಗೆರೆಗಳಿಗೆ ಏನೂ ಆಗಿಲ್ಲ! ಹಿಟ್ಟೇ ಅವನ್ನು ಕಾಪಾಡಿದೆ! ಕಿಟಕಿಯ ಬಿಸಿಲಿಗೆ ಹಿಡಿದ. ಹೊರ ಅಂಚಿಗೆ ಬಂದಾಗ ಅರ್ಧ ಬೆರಳಗಲದ ಬೂದು ಗಾಯ ಕಂಡಿತು. ಅದರ ಮೇಲೆ ಬೇಗ ಬೇಗ ಬ್ರಶ್ ಆಡಿಸಿ ಪ್ಲೇಟು ತಿರುಗಿಸಿದ. ನರ್ಮದಾ ಅವನ ಕೈಯನ್ನೇ ನೋಡುತ್ತಿದ್ದಳು.

ಕೀಲಿ ಕೊಟ್ಟು, ರಬ್ಬರಿನ ಉಂಗುರ ಹಾಕಿ, ಹರಳನ್ನು ಒಳಗಿನ ಮೊದಲ ಗೆರೆಗೆ ಇಳಿಸಿದ. ಸರಸರ. ಆಮೇಲೆ, ದೇವರೇ, ದನಿ! ಸರಸರದ ಹಿಂದಿನಿಂದ, ದೂರದಿಂದ ಬಂದು ಕೋಣೆಯ ನಡುವೆ ನಿಂತ ಮನುಷ್ಯರ ದನಿ! ಕೃಷ್ಣಾಜಿ ಎದ್ದೇಬಿಟ್ಟ. ಆದರೆ ದನಿ ಭಾರವಾಗಿತ್ತು, ಎಳೆದು ಎಳೆದು ಬರುತ್ತಿತ್ತು, ಎದೆಯ ತಳದಿಂದ. "ಇದು ಗಂಡಸರದು" ಎಂದಳು ನರ್ಮದಾ. ಸಾವಿತ್ರಿಬಾಯಿಯ ಅರೆದೆರೆದ ಬಾಯಿ ಮುಚ್ಚಿತು. "ಅಲ್ರಿ, ಅಲ್ಲ, ನಿಂದರ್ರಿ!" ಎಂದು ಅವನು ಕೂಗಿದ. "ಈ ಮಶೀನಿನ ತಿರುಪು ಎಂಬತ್ತಕ್ಕ ನಿಲ್ಲತದ. ಹಾಡಿದ್ದು ತೊಂಬತ್ತರ ಮ್ಯಾಲ. ನಿಧಾನ ತಿರುಗಿದ್ರ ಹೆಂಗಸಿನ ದನಿ ಗಂಡಸರದಾಗತದ!" ಕಿಸೆಯ ಸಣ್ಣ ಸ್ಕ್ರೂಡ್ರೈವರಿನಿಂದ ವೇಗದ ತಿರುಪನ್ನು ತಡೆಯುವ ಮೊಳೆಯನ್ನೇ ಕಿತ್ತು ಹಾಕಿದ. ಈಗ ಎಷ್ಟಕ್ಕೂ ಓಡುತ್ತದೆ, ಆದರೆ ಎಷ್ಟಕ್ಕೆ ನಿಲ್ಲಿಸುವುದು? ತೊಂಬತ್ತೋ, ತೊಂಬತ್ತೈದೋ, ನೂರೋ? ಕಾಗದದಲ್ಲಿ ಅದಿಲ್ಲ. ಊರಿಗೆಲ್ಲ ಸುತ್ತು ಹೇಳುತ್ತಿದ್ದ ಅವನ ಕಿವಿ ಇಲ್ಲಿ ಬೆಪ್ಪಾಗಿ ನಿಂತಿತ್ತು, ಚಂದಮ್ಮನನ್ನು ಅದು ಎಂದೂ ಕೇಳಿರಲಿಲ್ಲ. ಹೆಂಗಸು ಏನು ಹೇಳತಾಳ ಅದನ್ನ ಕೇಳ್ರಿ, ಅಂದಿದ್ದಳು ಇಂದೂ.

"ಬಾಯಿಯವರ, ನಿಮ್ಮ ಅವ್ವ ಯಾವ ಪಟ್ಟಿಗೆ ಹಾಡತಿದ್ರು?"

"ಕರಿ ನಾಕು" ಎಂದಳು ಸಾವಿತ್ರಿಬಾಯಿ, ಯೋಚನೆಯೇ ಮಾಡದೆ. "ಸಾಯೂತನಕ ಕರಿ ನಾಕು ಬಿಡಲಿಲ್ಲ ಆಕಿ. ನನಗ ಆಗ ಹನ್ನೊಂದು ವರ್ಷ." ಹಾರ್ಮೋನಿಯಮ್ಮನ್ನು ಎಳೆದುಕೊಂಡು, ಎಡಗೈಯಿಂದ ಗಾಳಿ ಹಾಕುತ್ತ ನಾಲ್ಕನೆಯ ಕರಿ ಪಟ್ಟಿಯನ್ನು ಒತ್ತಿ ಹಿಡಿದಳು. ಆ ಒಂದು ಸ್ವರ ಕೋಣೆಯ ತುಂಬ ನಿಂತಿತು. ಕೃಷ್ಣಾಜಿ ಹರಳನ್ನು ಮತ್ತೆ ಒಳಗಿಟ್ಟು ತಿರುಪು ತಿರುಗಿಸುತ್ತ ಹೋದ, ಕೂದಲೆಳೆ ಕೂದಲೆಳೆ. ಗಂಡಸಿನ ದನಿ ಮೇಲಕ್ಕೆ ಏರಿತು, ಹಗುರಾಯಿತು, ಎಳೆಯಾಯಿತು. ಹಾರ್ಮೋನಿಯಮ್ಮಿನ ಸ್ವರಕ್ಕೆ ಹತ್ತಿರ ಬಂದು ಉಜ್ಜಾಡಿತು. "ಇನ್ನಾ ಸ್ವಲ್ಪ" ಎಂದಳು ಮುದುಕಿ. "ಇನ್ನಾ ಸ್ವಲ್ಪ... ಭಾಳಾತು, ಇಳಸ್ರಿ... ಹಾಂ!" ಎರಡು ದನಿಗಳ ನಡುವಿನ ಕಂಪನ ನಿಂತುಹೋಯಿತು. ಪ್ಲೇಟು ಮತ್ತು ಹಾರ್ಮೋನಿಯಮ್ ಒಂದಾದವು. ಒಬ್ಬ ಹರೆಯದ ಹೆಂಗಸು, ನೀರಿಗೆ ಹೋದವಳು ಗೆಳತಿಯೊಡನೆ ಆಡುವ ಮಾತಿನ ಒಂದು ನಾಟಕದ ಪದವನ್ನು, ತುಂಬ ಅವಸರದಲ್ಲಿ, ತುಂಬ ಗಟ್ಟಿಯಾಗಿ, ನಗು ತಡೆದುಕೊಳ್ಳುತ್ತ ಹಾಡುತ್ತಿದ್ದಳು.

"ಅವ್ವಾ" ಎಂದಳು ಸಾವಿತ್ರಿಬಾಯಿ. ಪಟ್ಟಿಯಿಂದ ಬೆರಳು ತೆಗೆಯಲಿಲ್ಲ. "ಏ ನರ್ಮದಾ, ಹೆಂಗ ಓಡಿಸ್ಯಾಳ ನೋಡ! ಸಾಹೇಬ ಹೆಗಲು ಹಿಡದು ಮುಂದ ದೂಡಿ ಹಿಂದ ಜಗ್ಗತಿದ್ನಂತ, ಮಶೀನಿನ ಸೊಂಡಿಲಿನ್ಯಾಗ ಮಾರಿ ಹಾಕಿ ಹಾಡಬೇಕಂತ, ನಗಿ ಬರತಿತ್ತು ಅಂತಿದ್ಲು. ನಗಾಕತ್ತಾಳ, ಕೇಳ, ಇಲ್ಲಿ ನಗಾಕತ್ತಾಳ!" ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಎರಡೂ ಕೈಗೆ ಬಿಡುವಿರಲಿಲ್ಲ. ನರ್ಮದಾ ಗೋಡೆಗೆ ತಲೆ ಒತ್ತಿ ನಿಂತಿದ್ದಳು. ಕೃಷ್ಣಾಜಿಗೆ ಕುಣಿಯಬೇಕೆನಿಸಿತು. ಐವತ್ಮೂರರ ಮನುಷ್ಯ, ಹಿಟ್ಟು ಹತ್ತಿದ ಪ್ಯಾಂಟಿನಲ್ಲಿ, ಪರರ ಮನೆಯಲ್ಲಿ, ನಿಂತಲ್ಲೇ ಕಾಲು ಬದಲಿಸುತ್ತಿದ್ದ. ಹರಳು ಹೊರಗೆ ಹೊರಗೆ ಸರಿಯುತ್ತ ಬಂತು. ಪದದ ಕೊನೆಯ ಸಾಲು. ಅವನ ಕೈ ತಾನಾಗಿ ಮುಂದೆ ಹೋಗಿ ಸೌಂಡ್ ಬಾಕ್ಸಿನ ಕುತ್ತಿಗೆಗೆ ತಾಗಿತು.

"ತಗೀಬ್ಯಾಡ್ರಿ" ಎಂದಳು ಸಾವಿತ್ರಿಬಾಯಿ. "ಇನ್ನಾ ಹೆಸರು ಬರೂದೈತಿ."

ಒಂದು ಕ್ಷಣ. ಎತ್ತಿದ್ದರೆ ಮುಗಿಯುತ್ತಿತ್ತು, ಕೈ ಜಾರಿತು ಅನ್ನಬಹುದಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಾಡು ನಿಂತಿತು, ಹೆಂಗಸು ಉಸಿರೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು, ಮತ್ತು ಹರಳು ಗಾಯದೊಳಗೆ ಇಳಿಯಿತು. ಕರ್ರ್, ಕರ್ರ್, ಕರ್ರ್. ಅದರ ಅಡಿಯಲ್ಲಿ ಯಾರೋ ಏನೋ ಕೂಗುತ್ತಿದ್ದರು, ಒಂದು ಅಕ್ಷರವೂ ಹಿಡಿಯಲು ಬರಲೊಲ್ಲದು. ಹರಳು ಅಂಚಿನಿಂದ ಹೊರಗೆ ಬಿತ್ತು. ಹಾರ್ಮೋನಿಯಮ್ಮಿನ ಸ್ವರವೂ ಗಾಳಿ ತೀರಿ ನಿಂತಿತು.

"ನಾನಽ ಅಳಿಸೀನ್ರಿ" ಎಂದ ಕೃಷ್ಣಾಜಿ. "ಅವತ್ತ ಉಕ್ಕಿನ ಮುಳ್ಳು ಒತ್ತಿ ಹಿಡದದ್ದು ಅಲ್ಲೇ. ಹೆಸರು ಇತ್ತು. ನಾನಽ ಕೆರದೀನಿ. ಈಗೂ ನಿಮಗ ತಿಳೀಬಾರದು ಅಂತ ಎತ್ತಾಂವ ಇದ್ದೆ."

ನರ್ಮದಾ ಗೋಡೆ ಬಿಟ್ಟು ಮುಂದೆ ಬಂದಳು. "ನನಗ ಆಗಽ ಕಂಡಿತ್ತು, ನೀವು ಬ್ರಶ್ ಆಡಸೂ ಮುಂದ" ಎಂದಳು. ಇನ್ನೂ ಏನೋ ಅನ್ನುವವಳಿದ್ದಳು. ಸಾವಿತ್ರಿಬಾಯಿ ಕೈ ಎತ್ತಿ ತಡೆದಳು. ಪ್ಲೇಟಿನ ಕಡೆ ಬೆರಳು ತೋರಿದಳು. "ಒಲ್ಲೆ ಒಲ್ಲೆ ಅಂತಿತ್ತಲ್ರಿ ಅದು" ಎಂದಳು. "ಎರಡು ಸಲ ಹೊರಗ ಹಾಕಿತು. ನಾ ಅಲ್ಲೇ ನಿಂತು ನೋಡಾಕತ್ತಿದ್ದೆ. ನೀವು ಬಿಡಲಿಲ್ಲ."

"ಬಿಡಲಿಲ್ರಿ."

"ಆಮ್ಯಾಲ ಏನಂದ್ರಿ?"

"ಖಾಲಿ ಅದ ಅಂದೆ."

"ಹಿಂಗ ಅನಲಿಲ್ಲ. ಗಟ್ಟಿ ಅಂದ್ರಿ. ಮೆಟ್ಟಲ ಮ್ಯಾಲ ಈಕಿ ನಿಂತಿದ್ಲು, ಈಕಿಗೂ ಕೇಳಸ್ತು." ಮುಖ ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿಕೊಂಡಳು. ಪದ ಕಲಿಸುವಾಗ ಹೀಗೇ ಕೂಡುತ್ತಾಳೆಂದು ತೋರಿತು. "ಮತ್ತ ಹಚ್ಚರಿ. ಆ ಜಾಗಾ ಬಂದ ಕೂಡಲೇ ನೀವು ಹೆಸರು ಹೇಳ್ರಿ. ನಾ ಹೇಳಿದ್ರ ಮಗಳು ಕಥಿ ಕಟ್ಟತಾಳ ಅಂತಾರ. ಅಳಿಸಿದವರು ನೀವು, ನೀವಽ ಹೇಳಬೇಕು."

ಕೀಲಿ ಕೊಟ್ಟ. ಹರಳು ಇಳಿಸಿದ. ಮೂರು ನಿಮಿಷ ಚಂದಮ್ಮ ಅವಸರ ಅವಸರವಾಗಿ ಹಾಡಿದಳು, ಉಸಿರೆಳೆದುಕೊಂಡಳು. ಕರ್ರ್ ಎಂದಾಗ ಕೃಷ್ಣಾಜಿ, "ಅಥಣಿ ಚಂದಮ್ಮ" ಎಂದ. ದನಿ ತಲೆಬಾಗಿಲಿನ ತನಕವೂ ಹೋಗಲಿಲ್ಲ.

"ಅಷ್ಟಽ?" ಎಂದಳು ಸಾವಿತ್ರಿಬಾಯಿ. "ಸೀಮಿ ತನಕ ಮುಟ್ಟಬೇಕಾಗಿತ್ತರಿ ಆ ಹೆಸರು. ಇಲ್ಲೇ ರೂಢಿ ಮಾಡ್ಕೋರಿ, ಬರೂ ಐತವಾರ ಸದಾಶಿವ ಪೇಠದಾಗ ಹೇಳೂದೈತಿ, ಅದಽ ಮನ್ಯಾಗ, ಅವರಽ ಮುಂದ. ಹಚ್ಚರಿ."

ಆದದ್ದು ಹೆದರಿಕೆಯೋ ಖುಷಿಯೋ ಅವನಿಗೆ ತಿಳಿಯಲಿಲ್ಲ. ಮೋಹನದಾಸನ ಕೋಣೆ, ಹಿಂದೆ ಕೂತವರು, ಚಪ್ಪಲಿ ಬಿಟ್ಟ ಜಾಗ. ಕೀಲಿಯನ್ನು ತುಂಬ ತಿರುಗಿಸಿದ. ಸಾವಿತ್ರಿಬಾಯಿ ಕರಿ ನಾಲ್ಕನ್ನು ಒತ್ತಿದಳು. ಹಾಡು ಶುರುವಾಯಿತು, ಏರಿತು, ನಗು ತಡೆದುಕೊಂಡು ಓಡಿತು, ಮುಗಿಯಿತು. ಉಸಿರು. ಗಾಯ.

"ಅಥಣಿ ಚಂದಮ್ಮಾ!" ಎಂದು ಕೃಷ್ಣಾಜಿ ಕೂಗಿದ. ಗಂಟಲು ಹರಿಯುವ ಹಾಗೆ, ಆ ಭಾನುವಾರಕ್ಕಿಂತ ಗಟ್ಟಿಯಾಗಿ, ಕಿಟಕಿಯ ಗಾಜು ನಡುಗುವ ಹಾಗೆ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ಬಿಟ್ಟು ಗಾಬರಿಯಿಂದ ಕೇಳಿದಳು: "ಕಾಯ್ ಝಾಲಂ ಹೋ? ಏನಾಯ್ತು?" ಎಂದು ಮರಾಠಿಯಲ್ಲೂ ತಿಳಿದಷ್ಟು ಕನ್ನಡದಲ್ಲೂ.

ಬೀದಿಯವರೊಡನೆ ಮರಾಠಿ ಬಿಟ್ಟು ಬೇರೆ ಆಡದ ನರ್ಮದಾ ಕಿಟಕಿಗೆ ಹೋಗಿ ಸರಳು ಹಿಡಿದು ನಿಂತಳು.

"ಏನಿಲ್ರಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. "ನಮ್ಮ ಅಜ್ಜಿ ಹಾಡಾಕತ್ತಾಳ!"